ಕಿಟಕಿ ಪಕ್ಕದ ಟವಲ್ಲು

ಜಾಗ ಹಿಡಿಯುವ ಜನರನ್ನು ಕಂಡರೆ ಸಣ್ಣಬೀರಯ್ಯನಿಗೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅಂದರೆ ಸುಮ್ಮನೆ ಬೇಸರವಲ್ಲ, ಹೇಸಿಗೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಕ್ಕೆ ಕರ್ಚೀಫು ಎಸೆಯುವವರು, ಕರ್ಚೀಫಿಲ್ಲದವರು ಕಾಲಿನ ಚಪ್ಪಲಿಯನ್ನೇ ಬಿಚ್ಚಿ ಸೀಟಿನ ಮೇಲಿಡುವವರು, ಅದೂ ಸಾಲದೆ ಮೂಗು ಸೋರುವ ಕೂಸನ್ನೇ ಎತ್ತಿ ಒಳಗೆ ತುರುಕುವವರು. ಮದುವೆ ಛತ್ರಗಳಲ್ಲಂತೂ ಕೇಳುವುದೇ ಬೇಡ. ಉಣ್ಣುವವನ ಬೆನ್ನಿಗೆ ಆತುಕೊಂಡು ನಿಂತು, ಇವನು ಪಾಯಸ ಮುಗಿಸಿದನೋ ಮಜ್ಜಿಗೆಗೆ ಬಂದನೋ ಎಂದು ಎಲೆಯೊಳಗೇ ಇಣುಕುತ್ತಾರೆ. ಅವರ ಉಸಿರು ಕುತ್ತಿಗೆಗೆ ತಾಗುತ್ತಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಒಂದು ಸಲ ಹುಣಸೂರಿನ ಹೋಟೆಲೊಂದರಲ್ಲಿ ಮಸಾಲೆ ದೋಸೆ ತಿನ್ನಲು ಕೂತಿದ್ದ. ಒಬ್ಬ ದಡಿಯ ಬಂದು ಇವನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ. ಹೊಟ್ಟೆ ಇವನ ಕಿವಿಗೆ ತಾಗುತ್ತಿತ್ತು. "ನಿಧಾನಕ್ಕೆ ತಿನ್ನಿ ಯಜಮಾನ್ರೆ, ನಮ್ಗೇನೂ ಅವಸರ ಇಲ್ಲ" ಅನ್ನುತ್ತಲೇ ಕೈಲಿದ್ದ ಚೀಲವನ್ನು ತಟ್ಟೆಯ ಪಕ್ಕಕ್ಕೆ ಇಟ್ಟ. ಅವನ ಹೆಂಡತಿ ಇನ್ನೊಂದು ಕಡೆಯಿಂದ ಬಂದು ಮಗುವನ್ನು ಇವನ ಕುರ್ಚಿಯ ಅಂಚಿನಲ್ಲೇ ಕೂರಿಸಿದಳು. ಮಗುವಿನ ಚಡ್ಡಿ ಒದ್ದೆಯಾಗಿತ್ತು. ಸಣ್ಣಬೀರಯ್ಯ ಅರ್ಧ ದೋಸೆ ಬಿಟ್ಟು ಎದ್ದು ಬಂದವನು ಮತ್ತೆ ಆ ಬೀದಿಗೇ ಹೋಗಲಿಲ್ಲ. "ಹಂದಿಗಳಾದ್ರೂ ಒಂದು ಎದ್ದ ಮೇಲೆ ಇನ್ನೊಂದು ಬತ್ತವೆ ಕಣ್ಲಾ" ಎಂದು ಊರಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಹಾಗಾಗಿ ಅವನು ಕೂತು ತಿನ್ನುತ್ತಿದ್ದ ಹೋಟೆಲು ಒಂದೇ. ಊರಿನ ದಾರಿ ಬಂದು ಪಿರಿಯಾಪಟ್ಟಣದ ಟಾರು ರಸ್ತೆಗೆ ಸೇರುವ ಗೇಟಿನಲ್ಲಿ ಶಿವಶಂಕರ ಇಟ್ಟುಕೊಂಡಿದ್ದ ಹೆಂಚಿನ ಹೋಟೆಲು. ಒಳಗೆ ನಾಲ್ಕು ಟೇಬಲ್ಲು, ಗಲ್ಲಾ ಪಕ್ಕದಲ್ಲಿ ಆಗ ತಾನೇ ಬಂದಿದ್ದ ಕಾಯಿನ್ ಫೋನು, ಹೊರಗೆ ಹುಣಸೆಮರದಡಿ ಉದ್ದನೆಯ ಒಂದು ಕಲ್ಲುಚಪ್ಪಡಿ. ಕಿಟಕಿ ಪಕ್ಕದ ಟೇಬಲ್ಲು ಸಣ್ಣಬೀರಯ್ಯನದು. ಯಾವತ್ತೋ ಒಮ್ಮೆ ಕೆಂಪಂಚಿನ ಟವಲ್ಲನ್ನು ಅಲ್ಲೇ ಮರೆತು ಬಂದಿದ್ದ. ಮಾರನೆಯ ದಿನ ಹೋದರೆ ಶಿವಶಂಕರ ಅದನ್ನು ಮಡಿಸಿ ಬೆಂಚಿನ ಮೇಲೆ ಹಾಸಿದ್ದ. "ನಿಮ್ಮ ಜಾಗ ಕಣ್ರಣ್ಣ, ಯಾರ್ನೂ ಕೂರ್ಸಿಲ್ಲ. ಟವಲ್ಲು ಇಲ್ಲೇ ಇರ್ಲಿ ಬುಡಿ" ಅಂದ. ಅಂದಿನಿಂದ ಅದು ಅಲ್ಲೇ ಉಳಿಯಿತು. ಇವನು ಬಂದರೆ ಶಿವಶಂಕರ ಅದನ್ನು ಕೊಡವಿ ಎತ್ತುತ್ತಿದ್ದ, ಇವನು ಎದ್ದರೆ ಮತ್ತೆ ಹಾಸುತ್ತಿದ್ದ. ಸಣ್ಣಬೀರಯ್ಯನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಹೆಂಡತಿ ರಾಮಮ್ಮ ಸುಮ್ಮನಿರುವವಳಲ್ಲ. "ಬಸ್ನಲ್ಲಿ ಕರ್ಚೀಪು ಎಸ್ದೋರ್ನ ಊರೆಲ್ಲ ಕೇಳಂಗೆ ಬೈತೀರಿ. ನಿಮ್ಮ ಟವಲ್ಲೇನು ದೇವ್ರು ಉಟ್ಟಿದ್ದ ಪಂಚೆಯಾ?"

"ಅದು ಬ್ಯಾರೆ, ಇದು ಬ್ಯಾರೆ ಕಣಮ್ಮಿ. ಅದು ಹಡಬೆತನ, ಇದು ಮರ್ಯಾದೆ. ನಾನು ಹಾಕಿದ್ದಲ್ಲ, ಅವ್ನಾಗೇ ಹಾಕವ್ನೆ."

"ಊ, ಅವ್ನಾಗೇ ಹಾಕವ್ನೆ" ಎಂದು ರಾಮಮ್ಮ ಮೂಗು ಮುರಿದು ಒಳಗೆ ಹೋಗುತ್ತಿದ್ದಳು.

ಆ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಸರಿಯಾಗಿ ಚಾಮಯ್ಯ ಕೆಲಸಕ್ಕೆ ಬರುವುದನ್ನು ನಿಲ್ಲಿಸಿಬಿಟ್ಟ. ಚಾಮಯ್ಯ ಊರಾಚೆಯ ಕೇರಿಯವನು, ಸಣ್ಣಬೀರಯ್ಯನ ವಾರಿಗೆಯವನು. ಇಬ್ಬರಿಗೂ ಮೀಸೆ ಮೂಡುವ ಮೊದಲಿನಿಂದ ಜೊತೆಯಲ್ಲಿ ಗೇದವರು. ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ ಸೊಪ್ಪು ಏರಿಸಿದ ಮೇಲೆ ಅದರ ಒಲೆಯ ಮುಂದೆ ಒಂದೇ ಹಲಗೆಯ ಮೇಲೆ ಕೂತು, ಒಂದೇ ಚೀಲದ ಎಲೆಯಡಿಕೆ ಹಾಕಿಕೊಂಡು, ಸೌದೆ ನೂಕುತ್ತಾ ಲೋಕದ ಸುದ್ದಿಯೆಲ್ಲ ಆಡುತ್ತಿದ್ದರು. ಸಣ್ಣಬೀರಯ್ಯನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದ ಮನುಷ್ಯ ಅಂದರೆ ಅವನೊಬ್ಬನೇ. "ನಾನು ಆ ಜಾತಿ ಈ ಜಾತಿ ಅಂತ ನೋಡೋನಲ್ಲ. ಬೇಕಾದ್ರೆ ಚಾಮನ್ನ ಕೇಳಿ" ಎಂದು ಅರಳಿಕಟ್ಟೆಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಚಾಮನನ್ನು ಯಾರೂ ಕೇಳಿರಲಿಲ್ಲ.

ಹೇಳಿ ಕಳಿಸಿದರೆ ಮೊದಲು ಮೈಗೆ ಸರಿಯಿಲ್ಲ ಎಂಬ ಉತ್ತರ ಬಂತು. ಮತ್ತೆ ಹೇಳಿ ಕಳಿಸಿದ್ದಕ್ಕೆ ಬೇರೆಯವರನ್ನು ನೋಡಿಕೊಳ್ಳಲಿ ಎಂಬ ಉತ್ತರ. ಸಣ್ಣಬೀರಯ್ಯನಿಗೆ ಸಿಟ್ಟು ಬಂತು. ಬೇರೆ ಒಬ್ಬನನ್ನು ಕರೆದುಕೊಂಡು ಬಂದು ಒಲೆಯ ಮುಂದೆ ಕೂರಿಸಿದ. ಕೆಲಸವೇನೋ ನಡೆಯಿತು, ಆದರೆ ಪಕ್ಕದಲ್ಲಿ ಕೂತವನು ಆಕಳಿಸುವುದು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಆ ಬ್ಯಾರನ್ನಿನ ಸೊಪ್ಪು ಇಳಿಸಿದ ಮೇಲೆ ಸಣ್ಣಬೀರಯ್ಯ ಅವನನ್ನು ಕಳಿಸಿಬಿಟ್ಟ. ಕೊಯ್ಲಿಗೆ ಬಂದ ಸೊಪ್ಪು ಹೊಲದಲ್ಲೇ ನಿಂತಿತು. ಒಲೆ ತಣ್ಣಗಾಯಿತು. ಏನು ತಪ್ಪು ಮಾಡಿದೆ ಎಂದು ಎಷ್ಟು ಕೆದಕಿಕೊಂಡರೂ ಹೊಳೆಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಮಾನ ಹೋದರೆ ಹೋಗಲಿ, ಕೇರಿಗೇ ಹೋಗಿ ಕೇಳಿಬಿಡುತ್ತೇನೆ ಎಂದು ಹೊರಟ.

ಕೇರಿಗೆ ಶಿವಶಂಕರನ ಹೋಟೆಲು ದಾಟಿಯೇ ಹೋಗಬೇಕು. ಮಳೆ ಬಂದು ಆ ದಾರಿ ರಾಡಿಯಾಗಿತ್ತು. ಬದುವಿನ ಮೇಲೆ ಬಳಸಿ ಬಂದದ್ದರಿಂದ ಹೋಟೆಲಿನ ಮುಂದಕ್ಕೆ ಬರದೆ ಪಕ್ಕಕ್ಕೆ, ತನ್ನದೇ ಕಿಟಕಿಯ ಕೆಳಗೆ ಬಂದ. ಒಂದು ಲೋಟ ಕಾಫಿ ಕುಡಿದು ಗುಂಡಿಗೆ ಗಟ್ಟಿ ಮಾಡಿಕೊಂಡು ಹೋಗೋಣ ಅನ್ನಿಸಿ, ಅಲ್ಲೇ ಇದ್ದ ಡ್ರಮ್ಮಿನ ನೀರಿನಲ್ಲಿ ಕಾಲಿನ ಕೆಸರು ತೊಳೆಯತೊಡಗಿದ. ಆಗ ಒಳಗಿನಿಂದ ಶಿವಶಂಕರನ ಕೂಗು ಕೇಳಿತು.

"ಅಯ್ಯಯ್ಯೋ, ಅಲ್ಲಲ್ಲ ಮಂಟಯ್ಯ! ಟವಲ್ ಹಾಕವ್ರೆ ಕಾಣಕಿಲ್ವಾ?"

ಸಣ್ಣಬೀರಯ್ಯ ಕಿಟಕಿಯಿಂದ ಇಣುಕಿದ. ಕೇರಿಯ ಮುದುಕ ಮಂಟಯ್ಯ, ಹುಣಸೂರಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಸ್ಸಿಳಿದು ಬಂದವನು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆಂಚನ್ನು ತಡವುತ್ತಾ ನಿಂತಿದ್ದ. ಅವನ ಕೈ ಕೆಂಪಂಚಿನ ಟವಲ್ಲಿನ ಮೇಲಿತ್ತು.

"ಕಣ್ಗೆ ಬಟ್ಟೆ ಕಟ್ಟವ್ರೆ ಕಣಪ್ಪ, ಎಲ್ಲಿ ಕಂಡದು? ತಲೆ ಸುತ್ತದೆ, ಒಸಿ ಕೂತ್ಕತೀನಿ."

"ಅದು ಸಣ್ಣಬೀರಣ್ಣೋರ ಜಾಗ. ಬತ್ತಾವ್ರೆ."

"ಆ ಕಡೆ ಟೇಬಲ್ಗೆ ಓಗ್ಲಾ?"

"ಅಲ್ಲಿ ಪೇಪರ್ ಇಟ್ಟವ್ರೆ, ಮೇಷ್ಟ್ರು ಬತ್ತಾರೆ. ಅದ್ರ ಪಕ್ಕದಲ್ಲಿ ಯಾರೋ ಬೀಗದ ಕೈ ಇಟ್ಟೋಗವ್ರೆ. ಇನ್ನೊಂದ್ರಲ್ಲಿ ನೀರಿನ ಲೋಟ ಅದೆ, ಕೈ ತೊಳಿಯಕೆ ಓಗವ್ರೆ."

ಮಂಟಯ್ಯ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಕಿವಿಗೊಟ್ಟ. "ಯಾರ್ದೂ ಮಾತೇ ಕೇಳ್ತಾ ಇಲ್ವಲ್ಲಪ್ಪ."

"ಬತ್ತಾರೆ, ಎಲ್ಲ ಬತ್ತಾ ಅವ್ರೆ. ನೀನು ಮರದ ಕೆಳೀಕೆ ಕಲ್ಲ ಮ್ಯಾಲೆ ಕೂತ್ಕ. ತಣ್ಣಗೆ ಗಾಳಿ ಬತ್ತದೆ, ಅಲ್ಲಿಗೇ ಕಾಪಿ ತತ್ತೀನಿ. ನನ್ಗೇನಪ್ಪ, ಯಾರ್ ಕೂತ್ರೂ ಒಂದೇ. ಬೀರಣ್ಣೋರೇ ಏಳವ್ರೆ, ನನ್ನ ಜಾಗ್ದಲ್ಲಿ ನಿಮ್ಮ ಕೇರಿಯೋರ್ನ ಕೂರಿಸ್ಬ್ಯಾಡ ಅಂತ."

"ಬೀರಣ್ಣೋರಾ?" ಮಂಟಯ್ಯ ಟವಲ್ಲಿನ ಮೇಲಿದ್ದ ಕೈ ತೆಗೆದ. "ಊ, ಅಂದಿರ್ಬೌದು ಬುಡು" ಅಂದು ಗೋಡೆ ಹಿಡಿದುಕೊಂಡು ಹೊರಗೆ ನಡೆದ.

ಸಣ್ಣಬೀರಯ್ಯನ ಮೈ ಉರಿದುಹೋಯಿತು. ಅವನನ್ನು ಚುಚ್ಚಿದ್ದು ಶಿವಶಂಕರನ ಸುಳ್ಳಿಗಿಂತ ಹೆಚ್ಚಾಗಿ ಮಂಟಯ್ಯನ ಆ ಮಾತು. ಒಂದು ಚೂರೂ ಆಶ್ಚರ್ಯಪಡದೆ ಅಂದಿರಬಹುದು ಎಂದುಬಿಟ್ಟನಲ್ಲ. ಇಷ್ಟು ವರ್ಷ ಕೇರಿಯವರು ಮರದ ಕೆಳಗೆ ಕೂತು ಕಾಫಿ ಕುಡಿಯುವುದನ್ನು ಅವನೇ ಈ ಕಿಟಕಿಯಿಂದ ನೋಡಿದ್ದ. ಗಾಳಿಗೆ ಕೂರುತ್ತಾರೆ ಅಂದುಕೊಂಡಿದ್ದ. ಮಳೆಗಾಲದಲ್ಲೂ ಗಾಳಿಗೇ ಕೂರುತ್ತಾರೆಯೇ ಎಂದು ತಲೆಗೆ ಹೋಗಿರಲಿಲ್ಲ, ಹೋಗಬೇಕಾದ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

ಮುಂದಿನ ಬಾಗಿಲಿಗೆ ಬಂದು ಒಳಗೆ ಕಾಲಿಟ್ಟ. ಶಿವಶಂಕರನ ಮುಖ ಊರಗಲ ಅರಳಿತು. "ಬನ್ನಿ ಬನ್ನಿ ಅಣ್ಣ, ನೂರು ವರ್ಷ ಆಯಸ್ಸು ನಿಮ್ಗೆ. ಈಗ ತಾನೆ ನಿಮ್ಮ ಎಸ್ರು ಎತ್ತಿದ್ದೆ" ಅಂದವನೇ ಟವಲ್ಲನ್ನು ಎತ್ತಿ, ಅದರಲ್ಲೇ ಟೇಬಲ್ಲಿನ ಮೇಲೆ ಚೆಲ್ಲಿದ್ದ ಸಾಂಬಾರನ್ನು ಬಳಿದು, ಅದರಲ್ಲೇ ಬೆಂಚು ಒರೆಸಿದ. ಸಣ್ಣಬೀರಯ್ಯ ಆ ಟವಲ್ಲನ್ನು ಮೊದಲ ಸಲ ಸರಿಯಾಗಿ ನೋಡಿದ. ಕೆಂಪಂಚು ಕಂದು ಬಣ್ಣಕ್ಕೆ ತಿರುಗಿತ್ತು. ಅರಿಶಿನದ ಕಲೆ, ಎಣ್ಣೆಯ ಜಿಡ್ಡು, ಒಂದು ಮೂಲೆಯಲ್ಲಿ ಒಣಗಿ ಅಂಟಿಕೊಂಡ ಅನ್ನದ ಅಗುಳು. ಹುಳಿ ವಾಸನೆ ಮೂಗಿಗೆ ಬಡಿಯಿತು. ಮರ್ಯಾದೆ ಅಂತ ಎದೆ ಉಬ್ಬಿಸಿಕೊಂಡಿದ್ದು ಇದಕ್ಕೆ!

"ನಾನ್ಯಾವಾಗ್ಲಾ ಏಳಿದ್ದು ನಿನ್ಗೆ?" ಎಂದ.

"ಏನಣ್ಣ?"

"ಕೇರಿಯೋರ್ನ ಕೂರಿಸ್ಬ್ಯಾಡ ಅಂತ ನಾನ್ಯಾವಾಗ ಏಳಿದ್ದೆ?"

ಶಿವಶಂಕರ ಒಂದು ಕ್ಷಣ ಹುಳ್ಳಗೆ ನಕ್ಕು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಓ, ಅದಾ? ಕೂರ್ಬ್ಯಾಡಿ ಅಂತ ಬಾಯಿಬುಟ್ಟು ಅನ್ನಂಗಿಲ್ವಲ್ಲಣ್ಣ ಈಗ, ಕೇಸು ಗೀಸು ಅಂತಾರೆ. ಟವಲ್ ಹಾಕವ್ರೆ, ಯಾರೋ ಬತ್ತಾವ್ರೆ ಅಂದ್ರೆ ಯಾರೂ ಏನೂ ಮಾಡಂಗಿಲ್ಲ. ನಿಮ್ಮಂತ ದೊಡ್ಡೋರ ಎಸ್ರು ಏಳಿದ್ರೆ ಅವ್ರೂ ಮರುಮಾತಾಡಕಿಲ್ಲ. ಬೈದಂಗೂ ಇಲ್ಲ, ಹೊಡ್ದಂಗೂ ಇಲ್ಲ." ಅವನಿಗೆ ತನ್ನ ಜಾಣತನ ತನಗೇ ಹಿಡಿಸಿದಂತಿತ್ತು. "ಅವತ್ತೊಂದು ಸಂತೆ ದಿನ ನಿಮ್ಮ ಚಾಮಯ್ಯನೂ ಬಂದಿದ್ದ. ಎಂಡ್ರು ಕಾಲು ಮುರ್ಕಂಡವಳಲ್ಲ, ಆಸ್ಪತ್ರೆಯಿಂದ ಕರ್ಕ ಬತ್ತಿದ್ದ. ಬೀರಣ್ಣೋರ ಜಾಗ ಅಂದ್ರೆ ನಂದೇ ಅಂದ್ಕಬುಡು, ಅವ್ರು ನನ್ಗೇನೂ ಅನ್ನಕಿಲ್ಲ ಅಂತ ನಗ್ತಾ ಟವಲ್ಲೇ ಎತ್ತಕೆ ಬಂದ! ನಾನು ಅಂದೆ, ಬ್ಯಾರೆಯೋರು ಆಗ್ಲಿ ಚಾಮನ್ನಂತೂ ಕೂರಿಸ್ಬ್ಯಾಡ, ಸಲಿಗೆ ಎಚ್ಚಾಯ್ತು ಅಂತ ಅವ್ರೇ ಏಳವ್ರೆ ಅಂತ. ಮೊಕ ನೋಡ್ಬೇಕಿತ್ತು ನೀವು."

ಈ ಮನುಷ್ಯನ ಕೈಯಲ್ಲಿ ಇಡ್ಲಿ ತಿಂದಿದ್ದೆನಲ್ಲ, ಈ ಬಾಯಿಂದ ಅಣ್ಣ ಅನ್ನಿಸಿಕೊಂಡು ಹಿಗ್ಗಿದ್ದೆನಲ್ಲ ಎಂದು ಸಣ್ಣಬೀರಯ್ಯನಿಗೆ ತನ್ನ ಮೇಲೇ ಥೂ ಅನ್ನಿಸಿತು. ಹುಣಸೂರಿನ ದಡಿಯನೇ ವಾಸಿ. ಅವನು ತಾನು ಕೂರಲು ಜಾಗ ಹಿಡಿದಿದ್ದ. ಇದು ಯಾರೂ ಕೂರದಿರಲೆಂದು ಹಿಡಿದ ಜಾಗ. ಇಲ್ಲಿ ಯಾರೂ ಬರುವವರೇ ಇರಲಿಲ್ಲ. ಮೇಷ್ಟರ ಪೇಪರ್ರು ಯಾವುದೋ ಕಾಲದ್ದು, ಅಂಚೆಲ್ಲ ಹಳದಿಯಾಗಿತ್ತು. ತುಕ್ಕು ಹಿಡಿದ ಆ ಬೀಗದ ಕೈಗೆ ಬೀಗವಿದ್ದಂತೆ ಕಾಣಲಿಲ್ಲ. ನೀರಿನ ಲೋಟದಲ್ಲಿ ನೊಣ ಸತ್ತು ತೇಲುತ್ತಿತ್ತು.

"ನಿನ್ನ ಬಾಯ್ಗೆ ಮಣ್ಣಾಕ" ಎಂದು ಬೈದು, ಟವಲ್ಲನ್ನು ಅವನ ಕೈಯಿಂದ ಕಿತ್ತುಕೊಂಡ. "ಮಂಟಯ್ಯ, ಬಾ ಒಳೀಕೆ. ನನ್ನ ಪಕ್ಕ ಕೂತ್ಕ ಬಾ. ಯಾವನು ಏಳುಸ್ತಾನೋ ನೋಡ್ತೀನಿ!" ಎಂದು ಹೊರಗೆ ಕೂಗಿದ.

ಮಂಟಯ್ಯ ಕಲ್ಲಿನಿಂದ ಏಳಲಿಲ್ಲ. ಧ್ವನಿ ಬಂದ ಕಡೆಗೆ ಬಟ್ಟೆ ಕಟ್ಟಿದ ಮುಖ ತಿರುಗಿಸಿ, "ಬ್ಯಾಡ ಬುಡಿ ಅಣ್ಣೋರೆ. ನೀವು ನಾಳೀಕೆ ಬರಕಿಲ್ಲ, ನಾನು ನಾಳೀಕೂ ಇದೇ ದಾರೀಲೇ ಓಗ್ಬೇಕು" ಅಂದ.

ಸಣ್ಣಬೀರಯ್ಯ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದ. ಶಿವಶಂಕರ ಹೆಗಲ ಮೇಲಿದ್ದ ತನ್ನ ಚೌಕಳಿ ವಸ್ತ್ರವನ್ನು ತೆಗೆದು, ಕೊಡವಿ, ಕಿಟಕಿ ಪಕ್ಕದ ಬೆಂಚಿನ ಮೇಲೆ ನೀಟಾಗಿ ಹಾಸುತ್ತಿದ್ದ.

ಟವಲ್ಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಸಣ್ಣಬೀರಯ್ಯ ಕೇರಿಗೆ ನಡೆದ. ಚಾಮಯ್ಯ ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಚಿಕ್ಕಸಿದ್ದಮ್ಮ ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು ಗೋಡೆಗೆ ಒರಗಿದ್ದಳು. ಇವನನ್ನು ಕಂಡವನೇ ಚಾಮಯ್ಯ ಎದ್ದು ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಮನೆಯಲ್ಲಿದ್ದದ್ದು ಅದೊಂದೇ ಕುರ್ಚಿ. ಸಣ್ಣಬೀರಯ್ಯ ಕೂರಲಿಲ್ಲ.

"ಅವ್ನು ಬೊಗಳಿದ್ದೆಲ್ಲ ಕೇಳುಸ್ಕಂಡೆ ಕಣ್ಲಾ ಚಾಮ. ನಾನು ಅಂಗೆ ಏಳಿಲ್ಲ. ನಮ್ಮಪ್ಪನಾಣೆ ಏಳಿಲ್ಲ. ತಗ, ಕಿತ್ಕ ಬಂದಿವ್ನಿ ನೋಡು" ಎಂದು ಟವಲ್ಲನ್ನು ತೋರಿಸಿದ.

ಚಾಮಯ್ಯ ಟವಲ್ಲನ್ನು ನೋಡಿದ, ಮುಟ್ಟಲಿಲ್ಲ. "ಗೊತ್ತು ಬುಡಿ ಅಣ್ಣೋರೆ. ನೀವು ಏಳಿರಕಿಲ್ಲ ಅಂತ ಅವತ್ತು ಮನೆ ಸೇರೋವೊತ್ಗೇ ಗೊತ್ತಾಯ್ತು. ಅವ್ನ ಬುದ್ಧಿ ನಾ ಕಾಣ್ದುದಾ?"

"ಗೊತ್ತಿದ್ದೂ ಯಾಕ್ಲಾ ಬರ್ಲಿಲ್ಲ ಮತ್ತೆ? ಒಂದ್ ಮಾತು ಬಂದು ಕೇಳಾದಲ್ವಾ? ಒಲೆ ಮುಂದೆ ಒಬ್ನೇ ಕೂತು ಹುಚ್ಚು ಹಿಡ್ದಂಗಾಯ್ತದೆ ನನ್ಗೆ."

ಚಾಮಯ್ಯ ಹಗ್ಗದ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು ಕೂತ. ಚಿಕ್ಕಸಿದ್ದಮ್ಮ ಕಾಲನ್ನು ಸ್ವಲ್ಪ ಸರಿಸಿಕೊಂಡಳು.

"ನಾನೇ ಬ್ಯಾಡ ಅಂದಿದ್ದು ಅಣ್ಣೋರೆ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ದಾರೀಲೆಲ್ಲ ಇವ್ರು ಒಂದೇ ಸಮ್ಕೆ ಅಂತಾ ಇದ್ರು, ಅಣ್ಣೋರು ಅಂತೋರಲ್ಲ, ಅಣ್ಣೋರು ಅಂಗೆ ಏಳಿರಕಿಲ್ಲ ಅಂತ. ನಂಗೆ ಕಾಲು ನೋವು ಬ್ಯಾರೆ. ತಡಿಯಕ್ಕಾಗ್ದೆ ಕೇಳ್ಬುಟ್ಟೆ. ಸರಿ, ಓಟ್ಲಲ್ಲಿ ಟವಲ್ ಹಾಕವ್ರೆ. ಅಣ್ಣೋರ ಮನೇಲಿ ಯಾರೂ ಟವಲ್ ಹಾಕಿಲ್ವಲ್ಲ, ಅಲ್ಲಿ ನೀನು ಎಲ್ಲಿ ಕೂತ್ಕತೀಯ ಅಂದೆ. ಆಮ್ಯಾಕೆ ಇವ್ರು ಮಾತಾಡ್ಲಿಲ್ಲ."

ಕೇರಿಯ ಕೋಳಿಯೊಂದು ಕುರ್ಚಿಯ ಕೆಳಗೆ ನುಗ್ಗಿ ಆಚೆ ಹೋಯಿತು. ಸಣ್ಣಬೀರಯ್ಯ ಅದನ್ನೇ ನೋಡುತ್ತಾ ನಿಂತ.

"ಸೊಪ್ಪು ಕೆಡ್ತದೆ, ನಾಳಿಂದ ಬತ್ತೀನಿ" ಎಂದ ಚಾಮಯ್ಯ, ತಲೆ ಎತ್ತದೆ. "ಗೇಯ್ಮೆ ಗೇಯ್ತೀನಿ. ಆದ್ರೆ ಮನೇಲಿ ಕಾಪಿ ಗೀಪಿ ಕೊಡಬ್ಯಾಡಿ. ಎಲೆಯಡ್ಕೆ ನಾನೇ ತತ್ತೀನಿ."

ಕೆಲಸ ಸಿಕ್ಕಿತು. ಆದರೆ ಬೇಕಾಗಿದ್ದ ಮನುಷ್ಯ ಸಿಗಲಿಲ್ಲ. ಒಲೆಯ ಮುಂದೆ ಪಕ್ಕದಲ್ಲೇ ಕೂತು ಬೇರೆ ಚೀಲದಿಂದ ಎಲೆ ತೆಗೆಯುವ ಚಾಮಯ್ಯನನ್ನು ನೆನೆದರೇ ಸಣ್ಣಬೀರಯ್ಯನಿಗೆ ಸಂಕಟವಾಯಿತು. "ನಾಳೀಕೆ ಮಧ್ಯಾನ ನಮ್ಮ ಮನೇಲಿ ಉಣ್ಣು" ಅಂದುಬಿಟ್ಟ. ಚಾಮಯ್ಯ ಮತ್ತೆ ಹಗ್ಗ ಹೊಸೆಯತೊಡಗಿದ. ಚಿಕ್ಕಸಿದ್ದಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು ಅಷ್ಟೆ.

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಶಿವಶಂಕರನಿಗೆ ಬೈದ. ಥೂ ಹೊಲಸು ಮುಂಡೇಮಗನೆ ಎಂದು ಟವಲ್ಲನ್ನು ಕಾಲುವೆಗೆ ಎಸೆದ. ಕೈ ತೊಳೆದುಕೊಂಡ. ಮತ್ತೆ ತೊಳೆದುಕೊಂಡ. ಆದರೂ ಜಿಡ್ಡು ಹೋದಂತೆ ಅನ್ನಿಸಲಿಲ್ಲ.

ರಾಮಮ್ಮ ಹಟ್ಟಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಶಿವಶಂಕರನ ಮಾತಿನ ಜಾಗ ಬಂದಾಗ ರಾಮಮ್ಮನೂ ಅವನಿಗೆ ಎರಡು ಶಾಪ ಹಾಕಿದಳು. "ಎಂತಾ ನೀಚ್ರು ಇರ್ತಾರಪ್ಪ! ಮನುಸ್ರು ಅಲ್ವಾ ಅವ್ರು?" ಅಂದಳು. ಚಿಕ್ಕಸಿದ್ದಮ್ಮ ಕೇಳಿದ ಮಾತನ್ನು ಮಾತ್ರ ಸಣ್ಣಬೀರಯ್ಯ ಹೇಳಲಿಲ್ಲ. ಅದು ಬಾಯಿಗೆ ಬರಲಿಲ್ಲ.

"ನಾಳೀಕೆ ಚಾಮ ಇಲ್ಲೇ ಉಣ್ತಾನೆ ಕಣಮ್ಮಿ. ಒಸಿ ಚೆನ್ನಾಗಿ ಮಾಡು. ಕೋಳಿ ಕುಯ್ಯನ."

"ಮಾಡ್ತೀನಿ, ಅದಕ್ಕೇನು" ಎಂದಳು ರಾಮಮ್ಮ ಮೊರವನ್ನು ಕೆಳಗಿಟ್ಟು. "ಎಲ್ಲಿಗೆ ಬಡಿಸ್ಲಿ?"

ಒಳಗೆ, ನನ್ನ ಪಕ್ಕದಲ್ಲಿ, ನಡುಮನೆಯಲ್ಲಿ. ಉತ್ತರ ಸಿದ್ಧವಾಗಿತ್ತು. ಕೇರಿಯಿಂದ ಬರುವಾಗಲೇ ಅವನು ಅದನ್ನು ಮನಸ್ಸಿನಲ್ಲಿ ನೂರು ಸಲ ಆಡಿಕೊಂಡಿದ್ದ. ಬಾಯಿಯನ್ನೂ ತೆರೆದ. ಆದರೆ ಮಾತಿಗಿಂತ ಮೊದಲು ಕಣ್ಣು ಹೋಗಿಬಿಟ್ಟಿತು, ಜಗಲಿಯ ತುದಿಗೆ, ಕಂಬದ ಪಕ್ಕಕ್ಕೆ. ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ಚಾಮಯ್ಯನ ಸಿಲಾವರದ ಲೋಟ ಅಲ್ಲೇ ಇತ್ತು, ಅದರ ಕೆಳಗೆ ಅವನು ಕೂತು ಕೂತು ನುಣ್ಣಗಾದ ನೆಲ. ಅಲ್ಲಿ ಬೇರೆ ಯಾರೂ ಯಾವತ್ತೂ ಕೂತಿರಲಿಲ್ಲ.

ಕಣ್ಣು ಕಿತ್ತು ಈಚೆ ತಿರುಗಿಸಿದರೆ, ರಾಮಮ್ಮನೂ ಅಲ್ಲಿಗೇ ನೋಡುತ್ತಿದ್ದಳು.